ಅನುಸೂಯಮ್ಮನ ಕೊಸರು ಲೇಬಲ್ಲು

ಅನುಸೂಯಮ್ಮ ತನ್ನ ಜೀವಮಾನದಲ್ಲಿ ಪ್ರಿಂಟ್ ತೆಗೆದ ಲೇಬಲ್ಲುಗಳನ್ನೆಲ್ಲ ಒಂದರ ಹಿಂದೊಂದು ರಸ್ತೆಗೆ ಅಂಟಿಸುತ್ತ ಹೋದರೆ, ಆ ಸಾಲು ಪೀಣ್ಯದಿಂದ ಹೊರಟು, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಶಿರಾ ದಾಟಿ, ಚಿತ್ರದುರ್ಗದ ಕೋಟೆಗೆ ಒಂದು ಸುತ್ತು ಹಾಕಿ ವಾಪಸ್ ಬರುತ್ತಿತ್ತು. ನನ್ನ ಮೊಮ್ಮಗಳು ಇದನ್ನು ನಂಬುವುದಿಲ್ಲ. "ತಾತ, ಟೆಂಪೋ ಓಡಿಸ್ತಿದ್ದಾಗ ಡೀಸೆಲ್ ಲೆಕ್ಕನೂ ಹಿಂಗೇ ಕೊಡ್ತಿದ್ದಾ?" ಎಂದು ಕೇಳುತ್ತಾಳೆ. ಕೋಟೆಯ ಸುತ್ತು ಬೇಕಾದರೆ ಬಿಟ್ಟುಬಿಡೋಣ. ತಟ್ಟೆ ಇಡ್ಲಿಯವರೆಗಂತೂ ನಿಜ.

ಅದು ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಪೀಣ್ಯ ಎರಡನೇ ಸ್ಟೇಜಿನ ಒಂದು ರಬ್ಬರ್ ಕಾರ್ಖಾನೆಯಲ್ಲಿ ನಾನು ಟೆಂಪೋ ಡ್ರೈವರಾಗಿದ್ದೆ. ಪಂಪಿಗೆ, ಕುಕ್ಕರಿಗೆ, ಲಾರಿ ಇಂಜಿನ್ನಿಗೆ ಹಾಕುವ ರಬ್ಬರ್ ವಾಷರುಗಳು ಅಲ್ಲಿ ತಯಾರಾಗುತ್ತಿದ್ದವು. ಅವನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ, ಪೆಟ್ಟಿಗೆಗೊಂದು ಲೇಬಲ್ ಅಂಟಿಸಿ ಕೊಟ್ಟರೆ, ನಾನು ಮಾದನಾಯಕನಹಳ್ಳಿಯ ಗೋದಾಮಿಗೆ ಇಳಿಸಿ ಬರಬೇಕು. ದೂರ ಹೆಚ್ಚಲ್ಲ. ಆದರೆ ಆ ಕಂಬಗಳ ಕೆಳಗೆ ಗಾಡಿಗಳು ಒಮ್ಮೆ ನಿಂತರೆ ನಿಂತವೇ. ಒಂದು ದಿನ ಪಕ್ಕದ ಲಾರಿಯಲ್ಲಿದ್ದ ಬಾಳೆಗೊನೆಗಳು ಹಸಿರಾಗಿದ್ದವು. ಎಂಟನೇ ಮೈಲಿ ದಾಟುವಷ್ಟರಲ್ಲಿ ಹಣ್ಣಾಗಿಹೋಗಿ, ಆ ಲಾರಿಯವನು ಪಾಪ ಅಂತ ನನಗೂ ಎರಡು ಕಿತ್ತುಕೊಟ್ಟ.

ಅನುಸೂಯಮ್ಮ ಅಲ್ಲಿ ಲೇಬಲ್ಲಿನ ಕೆಲಸದವಳು. ಟಿ. ದಾಸರಹಳ್ಳಿಯ ಹಳೇ ಮನೆತನದವಳು. ಮೊದಲು ಅಲ್ಲಿ ಹಳ್ಳಿ ಇತ್ತು, ಆಮೇಲೆ ಅದರ ಮೇಲೆ ಊರು ಬಂದು ಕುಳಿತಿತು, ಆಕೆ ಕದಲಲಿಲ್ಲ, ಅಷ್ಟೇ. ಸೀರೆಯ ಮೇಲೆ ಗಂಡನ ಹಳೇ ಷರಟು ಹಾಕಿಕೊಂಡು ಕೆಲಸಕ್ಕೆ ಬರುತ್ತಿದ್ದಳು. ಕೂರಲು ಬೆನ್ನಿಲ್ಲದ ಒಂದು ಸ್ಟೂಲು. ಪಕ್ಕದಲ್ಲೇ ರಬ್ಬರ್ ಬೇಯಿಸುವ ಪ್ರೆಸ್ಸುಗಳು. ತಲೆಯ ಮೇಲೆ ತಗಡಿನ ಶೀಟು. ಆ ಶೀಟಿನ ಮೇಲೆ ಬೆಳಿಗ್ಗೆ ಕಡಲೆಕಾಯಿ ಹರಡಿದರೆ ಸಂಜೆಗೆ ಹುರಿದೇ ಕೆಳಗೆ ಬರುತ್ತಿತ್ತು ಎಂದರೆ ಒಳಗೆ ಕೂತವರ ಗತಿ ಲೆಕ್ಕ ಹಾಕಿಕೊಳ್ಳಿ. ಸಂಜೆ ಹೊತ್ತಿಗೆ ಆಕೆಯ ಕಾಲು ಊದಿಕೊಂಡು ಚಪ್ಪಲಿಗೆ ಹೋಗುತ್ತಿರಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬಸ್ಸಿಗೆ ನಡೆಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಮೊದಲು ಆಕೆ ತಗಡಿನ ಅಚ್ಚಿಟ್ಟು ಬ್ರಷ್ಷಿನಲ್ಲಿ ಮಸಿ ಬಳಿಯುತ್ತಿದ್ದಳು. ಆಮೇಲೆ ಸ್ಕೆಚ್ ಪೆನ್ನು ಬಂತು. ಆಮೇಲೆ ಕಂಪ್ಯೂಟರು, ಅದರ ಪಕ್ಕದಲ್ಲಿ ಲೇಬಲ್ ಕಕ್ಕುವ ಒಂದು ಪುಟ್ಟ ಪ್ರಿಂಟರು. ಇನ್ನು ಸುಖ ಎಂದು ಎಲ್ಲರೂ ಹೇಳಿದರು. ಕಾರ್ಖಾನೆಗಳಲ್ಲಿ ಯಾರಾದರೂ ಇನ್ನು ಸುಖ ಎಂದರೆ ನಾನು ಸೊಂಟಕ್ಕೆ ಟವೆಲ್ ಬಿಗಿಯುತ್ತೇನೆ.

ಆ ಕಂಪ್ಯೂಟರಿನ ಸಮಸ್ಯೆ ಇಷ್ಟೇ. ಆರ್ಡರುಗಳೆಲ್ಲ ಅದರೊಳಗೆ ಸಾಲು ಸಾಲಾಗಿ ಇರುತ್ತಿದ್ದವು. ರಿಪೋರ್ಟ್ ತೆಗೆದರೆ ಒಂದು ಸಾಲಿಗೆ ಒಂದು ಲೇಬಲ್ ಬರುತ್ತಿತ್ತು. ಆ ಆರ್ಡರಿನಲ್ಲಿ ನಲವತ್ತು ಪೆಟ್ಟಿಗೆ ಇದ್ದರೂ ಲೇಬಲ್ ಒಂದೇ, ನಾಲ್ಕಿದ್ದರೂ ಒಂದೇ. ಎಷ್ಟು ಪ್ರತಿ ಬೇಕು ಎಂದು ಅದು ಕೇಳುತ್ತಿತ್ತು, ನಿಜ. ಒಂದು ಬೆಳಿಗ್ಗೆ ಆಕೆ ನಂಬಿ ನಲವತ್ತು ಎಂದು ಹಾಕಿದಳು. ಆ ದಿನದ ಎಲ್ಲಾ ಆರ್ಡರುಗಳಿಗೂ ನಲವತ್ತು ನಲವತ್ತು ಬರಲು ಶುರುವಾಯಿತು. ನಿಲ್ಲಿಸಲು ಯಾರಿಗೂ ಗೊತ್ತಿಲ್ಲ. ಲೇಬಲ್ಲಿನ ಪಟ್ಟಿ ಬಾಗಿಲು ದಾಟಿ, ಕ್ಯಾಂಟೀನಿನ ಸಾಂಬಾರಿನಲ್ಲಿ ಬಾಲ ಅದ್ದಿಕೊಂಡು, ಗೇಟಿನವರೆಗೆ ಹೋಗಿ ಔಟ್‌ಪಾಸಿಗೆ ಕಾಯುತ್ತಾ ನಿಂತಿತ್ತು. ಕರೆಂಟು ಹೋದದ್ದರಿಂದ ಬಚಾವಾದೆವು.

ಅವತ್ತಿನಿಂದ ಆಕೆ ಯಂತ್ರವನ್ನು ನಂಬಲಿಲ್ಲ. ಒಂದೊಂದೇ ಆರ್ಡರನ್ನು ತೆರೆಯುವುದು, ಒಂದು ಸಲ ಒತ್ತುವುದು, ಒಂದು ಲೇಬಲ್ ತೆಗೆಯುವುದು. ಮತ್ತೆ ಒತ್ತುವುದು. ಲೆಕ್ಕ ತಪ್ಪಬಾರದೆಂದು ಎರಡು ಸ್ಟೀಲ್ ಬಟ್ಟಲು, ಅದರಲ್ಲಿ ಹುಣಸೆ ಬೀಜ. ಒಂದು ಲೇಬಲ್ ಬಂದರೆ ಈ ಬಟ್ಟಲಿನಿಂದ ಆ ಬಟ್ಟಲಿಗೆ ಒಂದು ಬೀಜ. ದಿನವೆಲ್ಲ ಟಪ್ಪು ಟಪ್ಪು ಎಂದು ಒತ್ತಿ ಒತ್ತಿ ಬಲಗೈ ಬೆರಳು ಹೆಗ್ಗಣದ ಮರಿಯಂತೆ ಊದಿಕೊಂಡಿತ್ತು. ಊಟದ ಹೊತ್ತಿನಲ್ಲಿ ಮುದ್ದೆ ಮುರಿಯಲು ಎಡಗೈ ಬಳಸುತ್ತಿದ್ದಳು.

ಬೀಜ ಮುಗಿದ ಮೇಲೂ ಇನ್ನೊಂದು ಸಲ ಒತ್ತುವುದು ಆಕೆಯ ಪದ್ಧತಿ. ಒಮ್ಮೆ ನಾನು ಕೇಳಿದೆ, "ಲೆಕ್ಕ ಆಯ್ತಲ್ಲಮ್ಮ, ಇದ್ಯಾಕೆ ಇನ್ನೊಂದು?"

"ಕೊಸರು ಕಣ್ ನರಸಪ್ಪಣ್ಣ," ಎಂದಳು. "ಅಂಟಿಸೋವಾಗ ಒಂದು ಕೈಗೇ ಮೆತ್ಕೊಂಡು ಅರಿದೋಯ್ತದೆ. ಆಗ ಆ ರಾಮಕ್ಕ ಅಲ್ಲಿಂದ ಇಲ್ಲಿಗೆ ಒಂದು ಕಾಗದಕ್ಕೆ ಓಡಿ ಬರ್ಬೇಕು. ಸೊಪ್ಪಿನವಳೇ ಮೇಲೊಂದು ಇಡಿ ಆಕ್ತಾಳೆ, ನಾನು ಒಂದು ಲೇಬಲ್ಲಿಗೆ ಜಿಪುಣತನ ಮಾಡ್ಲಾ?"

ರಾಮಕ್ಕ ಪ್ಯಾಕಿಂಗ್ ಹೆಂಗಸರ ಮುಂದಾಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆಕೆ ಮತ್ತು ಜೊತೆಯ ಹೆಂಗಸರು ಪೆಟ್ಟಿಗೆ ಎಣಿಸುತ್ತಿರಲಿಲ್ಲ. ಎಣಿಸಲು ಪುರುಸೊತ್ತೂ ಇರಲಿಲ್ಲ. ಲೇಬಲ್ಲಿನ ಪಟ್ಟಿ ಬಂತೋ, ಒಂದೊಂದು ಪೆಟ್ಟಿಗೆಗೆ ಒಂದೊಂದು ಹೊಡೆಯುತ್ತಾ ಹೋಗುವುದು. ಕೈಯಲ್ಲಿ ಕೊನೆಯದೊಂದು ಉಳಿಯಿತೋ, ಅದು ಕೊಸರು, ಆ ಆರ್ಡರಿನ ಲಾಟ್ ಮುಗಿಯಿತು. ಲೇಬಲ್ ಬೀಳದೆ ಉಳಿದ ಪೆಟ್ಟಿಗೆಗಳನ್ನು ಹಿಂದಿನ ಶೆಡ್ಡಿಗೆ ತಳ್ಳಿಬಿಡುವುದು. ಮುಂದಿನ ಆರ್ಡರಿಗೆ ಅಲ್ಲಿಂದಲೇ ತೆಗೆಯುವುದು. ಆ ಶೆಡ್ಡಿನಲ್ಲಿ ಯಾವಾಗಲೂ ಒಂದಷ್ಟು ಪೆಟ್ಟಿಗೆಗಳು ಇದ್ದೇ ಇರುತ್ತಿದ್ದವು. ಎಷ್ಟು ಎಂದು ಯಾರೂ ಕೇಳುತ್ತಿರಲಿಲ್ಲ.

ಹರಿಯದೆ ಉಳಿದ ಕೊಸರು ಲೇಬಲ್ಲು ಹೆಂಗಸರ ಪಾಲು. ಅದರ ಗೋಂದು ಬಹಳ ಗಟ್ಟಿ. ಸೀಳಿದ ಬಕೆಟ್ಟಿಗೆ, ಬಿರುಕು ಬಿಟ್ಟ ಡಬ್ಬಿಗೆ, ಕಿತ್ತುಹೋದ ಪುಸ್ತಕದ ರಟ್ಟಿಗೆ ಅದನ್ನೇ ಅಂಟಿಸುತ್ತಿದ್ದರು. ರಾಮಕ್ಕನ ಮನೆಯ ಒಂದು ಬಕೆಟ್ಟಿನಲ್ಲಿ ಪ್ಲಾಸ್ಟಿಕ್ಕೆಲ್ಲ ಸವೆದುಹೋಗಿ ಬರೀ ಲೇಬಲ್ಲುಗಳೇ ನೀರು ಹಿಡಿದುಕೊಂಡಿದ್ದವು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಮೊಮ್ಮಗಳು ಏನಾದರೂ ಅನ್ನಲಿ.

ಹೀಗಿರುವಾಗ ಶ್ರೀಧರ್ ಬಂದ. ಕಂಪ್ಯೂಟರ್ ಕಂಪನಿಯವನು. ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ರೂಮು ಮಾಡಿಕೊಂಡಿದ್ದ. ಬೆಂಗಳೂರಿನ ಆ ತುದಿಯಿಂದ ಈ ತುದಿಗೆ ಬಸ್ಸು ಬದಲಾಯಿಸಿ ಬದಲಾಯಿಸಿ ಬರುವಷ್ಟರಲ್ಲಿ ಹುಡುಗನ ಗಡ್ಡ ಒಂದು ಬೆರಳು ಬೆಳೆದಿರುತ್ತಿತ್ತು. ಬಂದವನು ಮೊದಲು ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚುತ್ತಿದ್ದ. ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದವನು ಅನುಸೂಯಮ್ಮನ ಬಟ್ಟಲುಗಳನ್ನು ನೋಡಿದ.

"ಅಕ್ಕ, ಇದೇನು, ಪೂಜೆನಾ?"

"ಲೆಕ್ಕ ಕಣಪ್ಪ."

"ಇಷ್ಟೂ ಸಲ ನೀವೇ ಒತ್ತುತ್ತೀರಾ?"

"ಒತ್ತದೇ ಇದ್ರೆ ತಾನಾಗೇ ಬತ್ತದಾ?"

"ಬರೋ ಹಂಗೆ ಮಾಡ್ಬೋದು ಅಕ್ಕ. ದೊಡ್ಡ ವಿಷ್ಯ ಅಲ್ಲ."

"ಅಂಗಾದ್ರೆ ಮಾಡಪ್ಪ. ನಿನ್ನ ಒಟ್ಟೆ ತಣ್ಣಗಿರ್ಲಿ. ನನ್ನ ಬೆರಳು ನೋಡು, ಉಂಗುರ ತೆಗೆಯಕ್ಕೆ ಸೋಪು ಆಕ್ಬೇಕಾಯ್ತು."

ಅವನು ಮಾಡಿದ್ದನ್ನು ನನಗೂ ವಿವರಿಸಿದ. ಕಂಪ್ಯೂಟರಿನೊಳಗೆ ಒಂದು, ಎರಡು, ಮೂರು ಎಂದು ಬರೀ ಅಂಕಿಗಳ ಒಂದು ಸಾಲನ್ನು ಕೂರಿಸಿದ್ದನಂತೆ. ಆರ್ಡರಿನಲ್ಲಿ ನಲವತ್ತು ಪೆಟ್ಟಿಗೆ ಇದ್ದರೆ, ಆ ಆರ್ಡರು ಒಂದರಿಂದ ನಲವತ್ತರವರೆಗಿನ ಒಂದೊಂದು ಅಂಕಿಯ ಜೊತೆಗೂ ಒಂದೊಂದು ಸಲ ಹೊರಗೆ ಬರುತ್ತದೆ. ಪಂಕ್ತಿಯಲ್ಲಿ ಎಷ್ಟು ಜನ ಕೂತರೆ ಅಷ್ಟು ಎಲೆ ಹಾಕಿದ ಹಾಗೆ. ಒಂದೇ ಸಲ ಒತ್ತಿದರೆ ಸಾಕು, ಒಂದು ಆರ್ಡರಿಗೆ ನಲವತ್ತು, ಮುಂದಿನದಕ್ಕೆ ಏಳು, ಅದರ ಮುಂದಿನದಕ್ಕೆ ಇನ್ನೆಷ್ಟೋ, ಬೇರೆ ಬೇರೆ ಪಟ್ಟಿಗಳಾಗಿ ತಾವಾಗಿಯೇ ಬರುತ್ತವೆ. ನಲವತ್ತು ಎಂದರೆ ನಲವತ್ತೇ. ಪ್ರಿಂಟರನ್ನು ಪ್ಯಾಕಿಂಗ್ ಕಡೆಯ ಕಿಟಕಿಗೆ ಸರಿಸಿದರು. ಲೇಬಲ್ಲಿನ ಪಟ್ಟಿ ನೇರವಾಗಿ ರಾಮಕ್ಕನ ಕೈಗೇ ಬೀಳುವಂತಾಯಿತು.

ಮೊದಲ ದಿನ ಅನುಸೂಯಮ್ಮ ಬೆಳಿಗ್ಗೆ ಗುಂಡಿ ಒತ್ತಿ, ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಏನು ಮಾಡಬೇಕೆಂದು ತಿಳಿಯಲಿಲ್ಲ. ಪ್ರಿಂಟರಿನ ಮೇಲಿನ ಧೂಳು ಒರೆಸಿದಳು. ಮತ್ತೆ ಒರೆಸಿದಳು. ಮಧ್ಯಾಹ್ನ ಸ್ಟೂಲಿನ ಮೇಲೇ ತೂಕಡಿಸಿ, ಗೋಡೆಗೆ ತಲೆ ತಾಗಿ ಎದ್ದಳು. "ಇಂಗೆ ನಿದ್ದೆ ಬತ್ತಾ ಇದ್ದಿದ್ದು ನಂಗೇ ಗೊತ್ತಿರ್ಲಿಲ್ಲ ಕಣಣ್ಣ," ಎಂದಳು. ವರ್ಷಗಳ ಬಾಕಿ ನಿದ್ದೆ ಅದು. ಹೀಗೆ ಒಂದು ವಾರ ಹತ್ತು ದಿನ ಆಕೆ ಸುಖಪಟ್ಟಿರಬೇಕು.

ಆಮೇಲೆ ಮುರಿಗೆಪ್ಪ ರಜೆ ಮುಗಿಸಿ ಬಂದು ಎಣಿಸಲು ಶುರುಮಾಡಿದ.

ಮುರಿಗೆಪ್ಪ ಮಾದನಾಯಕನಹಳ್ಳಿ ಗೋದಾಮಿನವನು, ಗದಗಿನ ಕಡೆಯವನು. ಅವನಷ್ಟು ಕಟ್ಟುನಿಟ್ಟಿನ ಮನುಷ್ಯ ಇನ್ನೊಬ್ಬನಿಲ್ಲ. ಒಂದು ಸಲ ಯಾರೋ ತಮಾಷೆಗೆ ನನ್ನ ಬೆನ್ನಿಗೆ ಲೇಬಲ್ ಅಂಟಿಸಿಬಿಟ್ಟಿದ್ದರು. ಅವನು ನನ್ನನ್ನೂ ಸ್ಟಾಕಿಗೆ ಸೇರಿಸಿ, ಮೂರನೇ ರ‍್ಯಾಕಿನ ಪಕ್ಕ ನಿಲ್ಲಿಸಿ, ಸಂಜೆಯವರೆಗೆ ಹೊರಗೆ ಬಿಡಲಿಲ್ಲ. ಅಂಥವನು ಆ ದಿನ ಪೆಟ್ಟಿಗೆಗಳ ಸುತ್ತ ಎರಡು ಸಲ ತಿರುಗಿ ಬಂದು ನನ್ನ ಮುಂದೆ ನಿಂತ.

"ನರಸಪ್ಪನವರ, ಒಂದು ಕಡಿಮಿ ಐತ್ರಿ."

"ಸರಿಯಾಗಿ ಎಣಿಸಪ್ಪ."

"ಎಣಿಸೀನ್ರಿ. ದಾರ್ಯಾಗ ನೀವೊಂದು ನುಂಗೀರೇನು?"

"ರಬ್ಬರ್ ವಾಷರ್ ನುಂಗಕ್ಕೆ ನಾನೇನು ಪಂಪಾ?"

ನಕ್ಕೆವು. ಆದರೆ ಮರುದಿನವೂ ಒಂದು ಕಡಿಮೆ. ದೊಡ್ಡ ಆರ್ಡರಾದರೂ ಒಂದು ಕಡಿಮೆ, ಸಣ್ಣದಾದರೂ ಒಂದು ಕಡಿಮೆ. ಎರಡು ಆರ್ಡರು ಒಟ್ಟಿಗೆ ಒಯ್ದರೆ ಎರಡಕ್ಕೂ ಒಂದೊಂದು ಕಡಿಮೆ. ಕಳ್ಳನಾದರೂ ಇಷ್ಟು ಶಿಸ್ತಿನಿಂದ ಕದಿಯುತ್ತಾನೆಯೇ? ಇದನ್ನು ನಾನು ಪ್ರಸನ್ನ ಸಾರ್‌ಗೆ ಹೇಳಿ ನೋಡಿದೆ. ಪ್ರಸನ್ನ ಎಂದರೆ ಡಿಸ್ಪ್ಯಾಚ್ ನೋಡಿಕೊಳ್ಳುವವರು. ಕೆಟ್ಟವರಲ್ಲ. ಎರಡು ಫೋನು ಎರಡು ಕಿವಿಗೆ ಇಟ್ಟುಕೊಂಡು, ಎರಡರಲ್ಲೂ ಬೈಸಿಕೊಳ್ಳುತ್ತಾ, ಊಟದ ಡಬ್ಬಿಯನ್ನು ಸಂಜೆಗೆ ತೆಗೆಯುತ್ತಿದ್ದ ಮನುಷ್ಯ.

"ಡೈಲಿ ಒಂದೊಂದೇ ತೆಗೆದ್ರೆ ಯಾರಿಗೂ ಗೊತ್ತಾಗಲ್ಲ ಅಂತ ಕಣ್ರೀ," ಎಂದರು. ಮೊದಲು ಅವರಿಗೆ ನನ್ನ ಮೇಲೇ ಅನುಮಾನ. ಟೆಂಪೋದಲ್ಲಿ ಒಬ್ಬ ಸೆಕ್ಯೂರಿಟಿಯವನನ್ನು ಕೂರಿಸಿದರು. ಅವನು ದಾರಿಯುದ್ದಕ್ಕೂ ನನ್ನ ಭುಜದ ಮೇಲೆ ಮಲಗಿಕೊಂಡು ಬಂದ. ಆದರೂ ಒಂದು ಕಡಿಮೆ. ಹಾಗಾದರೆ ಮಾಲು ಗಾಡಿ ಹತ್ತುವ ಮೊದಲೇ ಹೋಗುತ್ತಿದೆ ಎಂದಾಯಿತು. ಸಂಜೆ ಗೇಟಿನಲ್ಲಿ ಎಲ್ಲರ ಚೀಲ ತೆಗೆಸಲು ಶುರುಮಾಡಿದರು.

ಎರಡನೇ ಸಂಜೆಯೋ ಮೂರನೆಯದೋ, ಗೇಟಿನ ಹತ್ತಿರ ನಾನು ಟೆಂಪೋ ನಿಲ್ಲಿಸಿಕೊಂಡಿದ್ದೆ. ಷಿಫ್ಟು ಬಿಟ್ಟಿತ್ತು. ಜನ ಚೀಲದ ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದರು. ಅನುಸೂಯಮ್ಮನ ಚೀಲದಲ್ಲಿ ಸೆಕ್ಯೂರಿಟಿ ಹೆಂಗಸಿನ ಕೈಗೆ ಊಟದ ಡಬ್ಬಿ, ಕೊಡೆ, ಒಂದು ಕೆಮ್ಮಿನ ಔಷಧಿ ಬಾಟಲಿ ಸಿಕ್ಕವು. ಬಾಟಲಿಯ ಮುಚ್ಚಳ ಸೋರದಂತೆ ಸುತ್ತ ಅಂಟಿಸಿದ್ದು ನಮ್ಮ ಕಾರ್ಖಾನೆಯ ಲೇಬಲ್ಲು. ಪ್ರಸನ್ನ ಅಲ್ಲೇ ಇದ್ದರು. ಬಾಟಲಿಯನ್ನು ಬೆಳಕಿಗೆ ಹಿಡಿದು ಓದಿದರು. ಹಿಂದಿನ ದಿನ ಕಡಿಮೆ ಬಂದಿದ್ದ ಆರ್ಡರಿನದೇ.

"ಲೇಬಲ್ ಇಲ್ಲಿದೆ. ಪೆಟ್ಟಿಗೆ ಎಲ್ಲಮ್ಮ?"

"ಪೆಟ್ಟಿಗೆ ಯಾವ್ದು ಸಾರ್? ಇದು ಉಳಿದಿದ್ದು."

"ಉಳಿಯೋಕೆ ಹೆಂಗ್ ಸಾಧ್ಯ? ಎಷ್ಟು ಪೆಟ್ಟಿಗೆಯೋ ಅಷ್ಟೇ ಲೇಬಲ್ ಬರೋದು ಈಗ. ಒಂದು ಲೇಬಲ್ ಮಿಕ್ಕಿದೆ ಅಂದ್ರೆ ಒಂದು ಪೆಟ್ಟಿಗೆ ಹೋಗಿದೆ ಅಂತ. ನಿಮ್ಗೆ ಯಾರು ಕೊಟ್ರು ಇದನ್ನ?"

ಅವರ ಲೆಕ್ಕ ಸರಿಯಾಗಿಯೇ ಇತ್ತು. ಕೊಟ್ಟವಳು ರಾಮಕ್ಕ. ಹೆಸರು ಹೇಳಿದರೆ ಅವಳ ಚೀಲವೂ ನೆಲಕ್ಕೆ ಸುರಿಯುತ್ತದೆ. ರಾಮಕ್ಕ ಆ ಹೊತ್ತಿಗೆ ಮೊದಲ ಬಸ್ಸಿಗೆ ಹೋಗಿಯಾಗಿತ್ತು.

"ಯಾರೂ ಕೊಟ್ಟಿಲ್ಲ ಸಾರ್. ಅಲ್ಲೇ ಬಿದ್ದಿತ್ತು," ಎಂದಳು ಅನುಸೂಯಮ್ಮ.

ಸಾಲಿನಲ್ಲಿದ್ದವರು ಸ್ವಲ್ಪ ಹಿಂದೆ ಸರಿದರು. ಆಕೆ ಡಬ್ಬಿ, ಕೊಡೆ ಎತ್ತಿ ಚೀಲಕ್ಕೆ ಹಾಕಿಕೊಂಡಳು. ಬಾಟಲಿಯನ್ನು ಅವರು ಇಟ್ಟುಕೊಂಡರು.

ಸುದ್ದಿಗೆ ಟೆಂಪೋ ಬೇಕಿಲ್ಲ. ಕಾರ್ಖಾನೆ ಬಿಟ್ಟಾಗ ಅದು ಒಂದು ಲೇಬಲ್ಲಾಗಿತ್ತು. ಜಾಲಹಳ್ಳಿ ಕ್ರಾಸಿನಲ್ಲಿ ಚೀಲದ ತುಂಬ ವಾಷರಾಯಿತು. ದಾಸರಹಳ್ಳಿಯಲ್ಲಿ ಇಳಿಯುವಾಗ ಇಡೀ ಪೆಟ್ಟಿಗೆ. ರಾಮಕ್ಕನ ಮನೆಗೆ ತಲುಪುವಷ್ಟರಲ್ಲಿ ಅನುಸೂಯಮ್ಮ ಒಂದು ಸಣ್ಣ ಗೋದಾಮನ್ನೇ ಇಟ್ಟಿದ್ದಳು. ಲೇಬಲ್ಲಿನ ಮಾತು ದಾರಿಯಲ್ಲೇ ಉದುರಿಹೋಗಿತ್ತು. ಹಾಗಾಗಿ ತಾನು ಕೊಟ್ಟ ಒಂದು ಕಾಗದದಿಂದ ಇಷ್ಟಾಯಿತೆಂದು ರಾಮಕ್ಕನಿಗೆ ಗೊತ್ತಾಗಲೇ ಇಲ್ಲ. ಅವಳೂ ಉಳಿದವರಂತೆ ಮಾತು ಬಿಟ್ಟಳು.

ಮಾಲೀಕರು ಊರಿನಲ್ಲಿರಲಿಲ್ಲ. ಅವರು ಬಂದು ತೀರ್ಮಾನ ಮಾಡುವವರೆಗೆ ಅನುಸೂಯಮ್ಮನನ್ನು ಲೇಬಲ್ಲಿನ ಕೆಲಸದಿಂದ ತೆಗೆದು, ವಾಷರಿನ ಅಂಚು ಕತ್ತರಿಸುವ ಮೇಜಿಗೆ ಹಾಕಿದರು. ಊದಿದ ಬೆರಳಿಗೆ ಈಗ ಕತ್ತರಿ. ಬೆಳಿಗ್ಗೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಗೊತ್ತಿರುವ ಹೆಂಗಸರು ಕಂಬಿ ಹಿಡಿದು ನಿಂತು ಬರುತ್ತಿದ್ದರು. ಇಡೀ ತುಮಕೂರು ರಸ್ತೆಯಲ್ಲಿ ಕೂರಲು ಸೀಟು ಸಿಕ್ಕವಳು ಆಕೆ ಒಬ್ಬಳೇ ಎಂದು ನಾನು ನಗಿಸಲು ನೋಡಿದೆ. ನಗಲಿಲ್ಲ.

"ಟೆಂಪೋದಲ್ಲಿ ಬಾರಮ್ಮ, ಎಂಟನೇ ಮೈಲೀಲಿ ಬಿಡ್ತೀನಿ," ಎಂದೆ.

"ನಿನ್ನ ಟೆಂಪೋ ಅತ್ತಿದ್ರೆ ಅದಕ್ಕೊಂದು ಕಥೆ ಕಟ್ತಾರೆ ಕಣಣ್ಣ. ನಿಂದೂ ಸೇರಿಸ್ಕೊಂಡು."

"ಮನೇಲಿ ಏನಂತಾರೆ?"

"ಬಿಟ್ಬಿಡು ಅಂತಾರೆ. ಈಗ ಬಿಟ್ರೆ ಕದ್ದಿದ್ದೇ ನಿಜ ಅಂತಾಗ್ತದೆ. ಕೆಲ್ಸ ಓದ್ರೆ ಇನ್ನೊಂದು ಶೆಡ್ಡು ನೋಡ್ಕೋಬೌದು. ಕಳ್ಳಿ ಅಂತ ಎಸ್ರು ಬಿದ್ರೆ ಈ ಪೀಣ್ಯದಾಗೆ ಯಾವ ಗೇಟು ತೆಗೀತದೆ ಯೋಳು?" ಎಂದಳು. "ಸಾಕಾಗದೆ ಕಣಣ್ಣ. ಕದ್ದಿದ್ರಾದ್ರೂ ಒಂದಿನ ಆರಾಮಾಗಿ ಮಲಗಿರ್ತಿದ್ನೇನೋ."

ನಾನು ಟೆಂಪೋ ಹತ್ತಿ ಗಾಡಿ ತೆಗೆದೆ.

ಈಗ ಲೇಬಲ್ಲಿನ ಗುಂಡಿ ಒತ್ತುವವರು ಸ್ವತಃ ಪ್ರಸನ್ನ. ಆದರೂ ಮುರಿಗೆಪ್ಪನ ಹಾಡು ಬದಲಾಗಲಿಲ್ಲ. "ಒಂದು ಕಡಿಮಿ ಐತ್ರಿ," ಎಂದು ಅವನು, "ಗೊತ್ತೈತ್ರಿ," ಎಂದು ನಾನು. ಆಕೆಯ ಕೈ ತಪ್ಪಿದ ಮೇಲೂ ಕಡಿಮೆಯಾದರೆ ಆಕೆ ಕಳ್ಳಿ ಹೇಗಾದಾಳು ಎಂದು ನಾನು ಪ್ರಸನ್ನರನ್ನು ಕೇಳಿದೆ. "ಇವರೆಲ್ಲ ಒಂದೇ ಗ್ಯಾಂಗ್ ಇರ್ಬೇಕು ಕಣ್ರೀ," ಎಂದರು, ತಮಗೇ ನಂಬಿಕೆಯಿಲ್ಲದ ದನಿಯಲ್ಲಿ. ಕಣ್ಣು ಕೆಂಪಗಿತ್ತು. ಮಾಲೀಕರು ಇನ್ನೆರಡು ದಿನದಲ್ಲಿ ಬರುವವರಿದ್ದರು. ಕಂಪ್ಯೂಟರೇ ತಪ್ಪು ಲೆಕ್ಕ ಕೊಡುತ್ತಿರಬಹುದೇ ಎಂದು ನೋಡಲು ಶ್ರೀಧರನನ್ನು ಕರೆಸಿದರು.

ಶ್ರೀಧರ ಬಂದ, ಗೋಡೆಗೆ ಒರಗಿ ಕಣ್ಣು ಮುಚ್ಚಿದ, ತೆರೆದ, ಕೂತ. ಬಂದ ಲೇಬಲ್ಲುಗಳನ್ನು ಒಂದೊಂದಾಗಿ ಎಣಿಸಿದ. ಆರ್ಡರಿನಲ್ಲಿ ಎಷ್ಟೋ ಅಷ್ಟೇ ಇದ್ದವು.

"ನಂದು ಕರೆಕ್ಟಾಗಿದೆ ಸಾರ್. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ."

"ಹಂಗಾದ್ರೆ ಪೆಟ್ಟಿಗೆ ಎಲ್ಲಿಗೆ ಹೋಗ್ತಿದೆ ಶ್ರೀಧರ್?"

"ಅದು ನನ್ನ ಸಾಫ್ಟ್‌ವೇರಲ್ಲಿ ಇಲ್ಲ ಸಾರ್."

ನಾನು ಬಾಗಿಲ ಬಳಿ ನಿಂತಿದ್ದೆ. ಆ ಮಧ್ಯಾಹ್ನ ನನಗೆ ಇದ್ದದ್ದು ಒಂದೇ ಆರ್ಡರು, ಅದರಲ್ಲಿ ಒಂದೇ ಪೆಟ್ಟಿಗೆ. ಯಾರೋ ಗಿರಾಕಿ ಮೊದಲ ಸಲ ಸ್ಯಾಂಪಲ್ಲಿಗೆ ತರಿಸಿಕೊಂಡದ್ದು. ಒಂದು ಪೆಟ್ಟಿಗೆಗಾಗಿ ಮಾದನಾಯಕನಹಳ್ಳಿಗೆ ಹೋಗಿ ಬರಬೇಕಲ್ಲ ಎಂದು ನಾನು ಗೊಣಗುತ್ತಿದ್ದೆ. ಪ್ರಸನ್ನ ಗುಂಡಿ ಒತ್ತಿದರು. ಪ್ರಿಂಟರು ಕಿರ್ ಎಂದು ಒಂದು ಲೇಬಲ್ ಕೊಟ್ಟು ಸುಮ್ಮನಾಯಿತು. ಕಿಟಕಿಯ ಆ ಕಡೆ ರಾಮಕ್ಕ ಅದನ್ನು ಕಿತ್ತುಕೊಂಡಳು. ಹೋಗಲಿಲ್ಲ. ಅಲ್ಲೇ ನಿಂತಳು. ಕೊನೆಗೆ ಕಿಟಕಿಯೊಳಗೆ ತಲೆ ಹಾಕಿದಳು.

"ಸಾರ್, ಬರೀ ಕೊಸರು ಕಳ್ಸಿದೀರಾ. ಲೇಬಲ್ ಎಲ್ಲಿ?"

"ಏನಮ್ಮ?"

"ಕೊಸರು ಬಂತು ಸಾರ್. ಪೆಟ್ಟಿಗೆಗೆ ಅಂಟಿಸೋದು ಬರ್ಲಿಲ್ಲ."

"ಅದೇ ಕಣಮ್ಮ ಅಂಟಿಸೋದು. ಒಂದೇ ಪೆಟ್ಟಿಗೆ, ಒಂದೇ ಲೇಬಲ್."

"ಇದು ಕಡೇದು ಸಾರ್. ಕಡೇದನ್ನ ಅಂಟಿಸಲ್ಲ."

"ಅಂಟಿಸಲ್ಲ ಅಂತ ಯಾರು ಹೇಳಿದ್ದು?"

ರಾಮಕ್ಕ ಅವರನ್ನು ಹೊಸಬರನ್ನು ನೋಡಿದ ಹಾಗೆ ನೋಡಿದಳು. "ಯಾರ್ ಯೋಳ್ಬೇಕು ಸಾರ್? ಕಡೇದು ಯಾವತ್ತೂ ಕೊಸರೇ ಅಲ್ವಾ? ಅದು ಕೈಗುಳಿದ್ರೆ ಲಾಟ್ ಮುಗೀತು ಅಂತ. ಮಿಕ್ಕಿದ ಪೆಟ್ಟಿಗೆ ಶೆಡ್ಡಿಗೆ."

ಹೊರಗೆ ಕಂಪ್ರೆಸರ್ ಒದರುತ್ತಿತ್ತು. ಶ್ರೀಧರ ಕುರ್ಚಿಯಿಂದ ಎದ್ದು, ಚಪ್ಪಲಿ ಎಳೆದುಕೊಂಡು, ಪ್ಯಾಕಿಂಗ್ ದಾಟಿ, ಹಿಂದಿನ ಶೆಡ್ಡಿಗೆ ನಡೆದ. ನಾವು ಅವನ ಹಿಂದೆ. ಅಲ್ಲಿ ಪೆಟ್ಟಿಗೆಗಳು ತಗಡಿನ ಶೀಟು ಮುಟ್ಟುವಂತೆ ನಿಂತಿದ್ದವು. ಒಂದಕ್ಕೂ ಲೇಬಲ್ಲಿಲ್ಲ. ಕುಕ್ಕರಿನ ವಾಷರು, ಪಂಪಿನ ವಾಷರು, ಎಲ್ಲವೂ ಇದ್ದವು. ಒಂದು ಬೆಕ್ಕು ಮೇಲಿನ ಪೆಟ್ಟಿಗೆಯಲ್ಲಿ ಸಂಸಾರ ಹೂಡಿತ್ತು. ಮೊದಲೆಲ್ಲ ಅನುಸೂಯಮ್ಮ ಒಂದು ಹೆಚ್ಚಿಗೆ ಕೊಡುತ್ತಿದ್ದಳು, ಹೆಂಗಸರು ಒಂದು ಬಿಟ್ಟು ಅಂಟಿಸುತ್ತಿದ್ದರು, ಲೆಕ್ಕ ಕೂಡುತ್ತಿತ್ತು. ಶ್ರೀಧರನ ಕಂಪ್ಯೂಟರು ಸರಿಯಾದ ಲೆಕ್ಕ ಕೊಟ್ಟಿತು. ಕೊಸರಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಹೆಂಗಸರ ಕೈ ಮಾತ್ರ ಹಳೆಯ ಹಾಗೇ ಕೊನೆಯದೊಂದನ್ನು ಪಕ್ಕಕ್ಕೆ ಇಡುತ್ತಿತ್ತು. ರಾಮಕ್ಕ ಎಂದಿನಂತೆ ಉಳಿದದ್ದನ್ನು ತಂದುಕೊಟ್ಟಾಗ, ಕಂಪ್ಯೂಟರೂ ಕೊಸರು ಕೊಡುತ್ತದೆ ಎಂದೇ ಅನುಸೂಯಮ್ಮ ತಿಳಿದಿದ್ದಳು.

"ಪ್ಲಸ್ ಒನ್ ಹಾಕ್ಬಿಡ್ತೀನಿ ಸಾರ್," ಎಂದ ಶ್ರೀಧರ. "ಅರ್ಧ ನಿಮಿಷದ ಕೆಲ್ಸ."

ಅರ್ಧ ನಿಮಿಷವೂ ಹಿಡಿಯಲಿಲ್ಲ.

ಪ್ರಸನ್ನ ಅನುಸೂಯಮ್ಮನನ್ನು ಕ್ಯಾಬಿನ್ನಿಗೆ ಕರೆಸಿದರು. ನಾನೂ ಶ್ರೀಧರನೂ ಅಲ್ಲೇ ಇದ್ದೆವು. ಕಾಫಿ ತರಿಸಿದರು. ಆ ಕ್ಯಾಬಿನ್ನಿನ ಕುರ್ಚಿಯಲ್ಲಿ ಆಕೆ ಕೂತದ್ದು ಅದೇ ಮೊದಲು. ತುದಿಯಲ್ಲಿ ಕೂತಿದ್ದಳು. ನಡೆದದ್ದನ್ನೆಲ್ಲ ಅವರು ಹೇಳಿದರು, ಔಷಧಿ ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ತಪ್ಪು ತಿಳ್ಕೊಂಡ್ವಿ ಅಮ್ಮ. ಮನಸ್ಸಲ್ಲಿ ಇಟ್ಕೋಬೇಡಿ. ನಾಳೆಯಿಂದ ನಿಮ್ಮ ಜಾಗಕ್ಕೇ ಬನ್ನಿ. ಮಾಲೀಕರಿಗೆ ನಾನೇ ಹೇಳ್ತೀನಿ."

ಆಕೆ ಕಾಫಿಯನ್ನು ಮುಟ್ಟಲಿಲ್ಲ. ಕೋಪದಲ್ಲಿದ್ದಂತೆಯೂ ಕಾಣಲಿಲ್ಲ. ತುಂಬ ದೂರ ನಡೆದು ಬಂದವರ ಮುಖ.

"ಮಾಲೀಕರು ನಮ್ಮ ಬಸ್ಸಲ್ಲಿ ಬರಲ್ವಲ್ಲ ಸಾರ್," ಎಂದಳು. "ಇಲ್ಲಿ ಬಾಗ್ಲು ಆಕ್ಕೊಂಡು ಯೋಳಿದ್ರೆ ಯಾರಿಗೆ ಕೇಳ್ತದೆ? ಚೀಲ ತೆಗೆಸಿದ್ದು ಗೇಟಲ್ಲಿ."

"ಗೇಟಲ್ಲಾ? ಎಲ್ರ ಮುಂದೆನಾ?"

"ಅವತ್ತು ಎಲ್ರೂ ಇದ್ರು ಸಾರ್."

ಪ್ರಸನ್ನ ನಮ್ಮ ಮುಖ ನೋಡಿದರು. ಶ್ರೀಧರ ನೆಲ ನೋಡಿದ. ನಾನು ಕಾಫಿ ಆರುತ್ತದೆ ಎಂದು ಆಕೆಯದನ್ನೂ ಕುಡಿದೆ.

ಸಂಜೆ ಷಿಫ್ಟು ಬಿಟ್ಟಾಗ ಪ್ರಸನ್ನ ಗೇಟಿನ ಪಕ್ಕದ ಕಟ್ಟೆಯ ಮೇಲೆ ನಿಂತರು. ಫೋನುಗಳೆರಡೂ ಜೇಬಿನಲ್ಲಿ ಒದರುತ್ತಿದ್ದವು. ಜೀವನದಲ್ಲಿ ಒಂದು ಸಭೆಯಲ್ಲೂ ಮಾತಾಡಿದವರಲ್ಲ. ಹೊರಗೆ ರಸ್ತೆಯಲ್ಲಿ ಕಲ್ಲು ಒಡೆಯುವ ಯಂತ್ರ ಗುಡುಗುತ್ತಿತ್ತು. ಆ ಯಂತ್ರದ ಸದ್ದಿಗೆ ನೆಲಮಂಗಲದಲ್ಲಿ ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದ್ದವು. ಇವರ ದನಿ ಎಲ್ಲಿ ಕೇಳಬೇಕು. ಜನ ಬಸ್ಸಿಗೆ ಓಡುವವರು. "ಎಲ್ಲರೂ ಒಂದ್ನಿಮಿಷ," ಎಂದರೆ ನಿಂತವರು ನಾಲ್ಕೈದು ಜನ. ಅವರಿಗೇ ಹೇಳಿದರು. ಅನುಸೂಯಮ್ಮ ಏನೂ ತೆಗೆದಿಲ್ಲ, ಪೆಟ್ಟಿಗೆಗಳೆಲ್ಲ ಶೆಡ್ಡಿನಲ್ಲೇ ಇದ್ದವು, ಚೀಲದಲ್ಲಿ ಸಿಕ್ಕಿದ್ದು ಬರೀ ಕೊಸರು ಲೇಬಲ್ಲು, ತಪ್ಪು ನಮ್ಮದು.

ರಾಮಕ್ಕ ಓಡುತ್ತಿದ್ದವಳು ನಿಂತುಬಿಟ್ಟಳು.

"ಲೇಬಲ್ಲಾ? ಚೀಲದಾಗೆ ಸಿಕ್ಕಿದ್ದು ಲೇಬಲ್ಲಾ?" ಎಂದು ಅನುಸೂಯಮ್ಮನ ತೋಳು ಹಿಡಿದಳು. "ನಾನ್ ಕೊಟ್ಟಿದ್ದಲ್ವೇನೇ ಅದು? ಬಾಯ್ ಬಿಟ್ಟು ಯೋಳಕ್ಕೆ ನಿಂಗೇನಾಗಿತ್ತೇ?"

"ಯೋಳಿದ್ರೆ ಕತ್ತರಿ ಇಡಿಯಕ್ಕೆ ನೀನೂ ಬಂದು ನನ್ನ ಪಕ್ಕ ಕೂರ್ತಿದ್ದೆ. ನಿನ್ನ ಬಾಯಿ ಯಾರು ತಡ್ಕೊಳ್ತಾರೆ," ಎಂದಳು ಅನುಸೂಯಮ್ಮ. "ನಡಿ, ನಿನ್ನ ಬಸ್ ಓಯ್ತದೆ."

ರಾಮಕ್ಕ ನಡೆಯಲಿಲ್ಲ. ಅಲ್ಲೇ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ನಿಂತಳು. ಬಸ್ಸು ಹೊರಟ ಸದ್ದು ಕೇಳಿಸಿತು. ಪ್ರಸನ್ನ ಕಟ್ಟೆಯಿಂದ ಇಳಿದು ಬಂದರು, ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು.

"ಆಯ್ತಾ ಅಮ್ಮ?"

ಅನುಸೂಯಮ್ಮ ರಸ್ತೆಯ ಕಡೆ ನೋಡಿದಳು. ಆ ಕಡೆಯಿಂದ ಡಬ್ಬಿ ಹಿಡಿದುಕೊಂಡು ಧೂಳಿನಲ್ಲಿ ಜನ ಬರುತ್ತಿದ್ದರು.

"ಇನ್ನೊಂದ್ಸಲ ಯೋಳ್ಬುಡಿ ಸಾರ್. ಎರಡನೇ ಷಿಫ್ಟಿನೋರು ಬತ್ತಾವ್ರೆ."

ಪ್ರಸನ್ನ ಕೆಮ್ಮಿ ಗಂಟಲು ಸರಿಮಾಡಿಕೊಂಡು, ಮತ್ತೆ ಕಟ್ಟೆ ಹತ್ತಿದರು. ಆಕೆ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ನೋಯುವ ಕಾಲಿನ ಮೇಲಿನ ಭಾರ ತಪ್ಪಿಸಿಕೊಂಡು, ಕೇಳಲು ನಿಂತಳು.